ಮೊದಲ ಬ್ಯಾಂಜೋ ಆರಿಸಿದ ದಿನ

ಅಕ್ಕನ ಮಗನಿಗೆ ಹದಿನಾಲ್ಕರ ವಯಸ್ಸಿನಲ್ಲಿ ಬ್ಯಾಂಜೋ, ಅಂದರೆ ಗಿಟಾರಿನಂಥ ದಂಡಿಯೂ ಡೋಲಿನಂತೆ ಮುಚ್ಚಿಗೆ ಬಿಗಿದ ದುಂಡು ಒಡಲೂ ಇರುವ ತಂತಿವಾದ್ಯ, ಕಲಿಯುವ ಹಂಬಲ ಹುಟ್ಟಿದಾಗ, ಮನೆಯಲ್ಲಿ ಗಿಟಾರ್ ನುಡಿಸಬಲ್ಲವಳು ನಾನೊಬ್ಬಳೇ ಆದುದರಿಂದ ವಾದ್ಯ ಆರಿಸುವ ಹೊಣೆ ನನ್ನ ಮೇಲೆ ಬಂತು. ಅಕ್ಕ ಕೊಟ್ಟ ಹಣ ಹೆಚ್ಚಿನದೇನಲ್ಲ. ಅಷ್ಟರಲ್ಲೇ ಎಲ್ಲವೂ ಮುಗಿಯಬೇಕಿತ್ತು. ಹೊರಡುವ ಮೊದಲು, ಅವನಿಗೆ ಯಾವ ಬಗೆಯ ವಾದನ ಇಷ್ಟವೆಂದು ಕೇಳಿದೆ. ನಾಲ್ಕು ತಂತಿಯ ಟೆನರ್ ಬ್ಯಾಂಜೋ ಐರಿಷ್ ಸಂಗೀತಕ್ಕೂ ಹಳೆಯ ಜಾಸ್‌ಗೂ ಒಗ್ಗುತ್ತದೆ. ಅಮೆರಿಕದ ವಾದಕ ಅರ್ಲ್ ಸ್ಕ್ರಗ್ಸ್ 1940ರ ದಶಕದಲ್ಲಿ ಜನಪ್ರಿಯಗೊಳಿಸಿದ, ಅಲ್ಲಿನ ಬ್ಲೂಗ್ರಾಸ್ ಎಂಬ ಹಳ್ಳಿಸೊಗಡಿನ ಸಂಗೀತದ ಮೂರು ಬೆರಳಿನ ಶೈಲಿಗಾಗಲಿ, ಉಗುರಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯುವ ಕ್ಲಾಹ್ಯಾಮರ್ ಶೈಲಿಗಾಗಲಿ ಐದು ತಂತಿಯದೇ ಬೇಕು. ಅವನು ಮನಸೋತದ್ದು ಸ್ಕ್ರಗ್ಸ್ ಶೈಲಿಗೆ. ಅಲ್ಲಿಗೆ ಅರ್ಧ ಆಯ್ಕೆ ಮುಗಿದಂತಾಯಿತು.

ಅಂಗಡಿಯಲ್ಲಿ ಅವನ ಕಣ್ಣು ನೇರವಾಗಿ ಹೋದದ್ದು ರೆಸೊನೇಟರ್ ಇದ್ದ ಹೊಳೆಯುವ ಬ್ಯಾಂಜೋ ಕಡೆಗೆ. ವಾದ್ಯದ ಬೆನ್ನಿಗೆ ಕೂರುವ ಆ ಮರದ ಬಟ್ಟಲು ನಾದವನ್ನು ಮುಂದಕ್ಕೆ ತಳ್ಳುತ್ತದೆ, "ಚಿಕ್ಕಮ್ಮ, ಬ್ಲೂಗ್ರಾಸ್‌ನವರೆಲ್ಲ ಇದನ್ನೇ ನುಡಿಸುವುದು" ಎಂಬ ಅವನ ವಾದವೂ ಬಹುಮಟ್ಟಿಗೆ ಸರಿಯೇ. ಆದರೆ ಕಡಿಮೆ ಬೆಲೆಯ ವಾದ್ಯದಲ್ಲಿ ಬಟ್ಟಲಿಗೂ ಲೋಹದ ಅಲಂಕಾರಕ್ಕೂ ಖರ್ಚು ಮಾಡಿದ ತಯಾರಕ ಬೇರೆಲ್ಲೋ ಕೈ ಬಿಗಿ ಹಿಡಿದಿರುತ್ತಾನೆ, ಆ ಕೊರತೆ ತಂತಿ ಬಿಗಿಯುವ ಬಿರಡೆಗಳಲ್ಲೂ ಜೋಡಣೆಯಲ್ಲೂ ಕಾಣುತ್ತದೆ. ಬೆನ್ನು ತೆರೆದಿರುವ ಬ್ಯಾಂಜೋದಲ್ಲಿಯೂ ಮೂರು ಬೆರಳಿನ ಶೈಲಿಯನ್ನು ಧಾರಾಳವಾಗಿ ಕಲಿಯಬಹುದು. ಅದು ಹಗುರ, ಅದರ ಸದ್ದೂ ಕಡಿಮೆ. ಅಭ್ಯಾಸದ ಮೊದಲ ತಿಂಗಳುಗಳಲ್ಲಿ ಸದ್ದು ಕಡಿಮೆಯಿದ್ದರೆ ಮನೆಮಂದಿ ದೂರುವುದಿಲ್ಲ ಎಂದು ನಾನು ಹೇಳಿದಾಗ ಅವನಿಗೆ ನಗು ಬರಲಿಲ್ಲ.

ನಾನು ಹೆಚ್ಚು ಹೊತ್ತು ಕಳೆದದ್ದು ಐದನೆಯ ತಂತಿಯ ಬಿರಡೆಯ ಮುಂದೆ. ಈ ಗಿಡ್ಡ ತಂತಿ ದಂಡಿಯ ಮೇಲಿನ ಅಡ್ಡಪಟ್ಟಿಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಐದನೆಯದರ ಬಳಿ ಆರಂಭವಾಗುತ್ತದೆ; ಅದರ ಬಿರಡೆ ದಂಡಿಯ ಪಕ್ಕಕ್ಕೆ ಇರುತ್ತದೆ. ಒಳಗೆ ಹಲ್ಲುಚಕ್ರವಿಲ್ಲದೆ ಬರೀ ಬಿಗಿತದ ಮೇಲೆ ನಿಂತ ಬಿರಡೆಯಾದರೆ ಕೂದಲೆಳೆಯಷ್ಟು ತಿರುಗಿಸಿದರೂ ಶ್ರುತಿ ಎಲ್ಲಿಂದೆಲ್ಲಿಗೋ ಹಾರುತ್ತದೆ, ಮತ್ತು ಕಲಿಯುವ ಹುಡುಗ ನುಡಿಸುವುದಕ್ಕಿಂತ ಶ್ರುತಿ ಮಾಡುವುದರಲ್ಲೇ ಸೋತುಹೋಗುತ್ತಾನೆ. ಹೊಳೆಯುತ್ತಿದ್ದ ಆ ಬ್ಯಾಂಜೋವನ್ನು ಕೆಳಗಿಡಲು ನನಗೆ ಇದೊಂದೇ ಕಾರಣ ಸಾಕಾಯಿತು.

ಚಕ್ರದ ಬಿರಡೆಯಿದ್ದ, ನೋಡಲು ತೀರ ಸಾದಾ ಎನ್ನಬಹುದಾದ ಒಂದನ್ನು ಶ್ರುತಿ ಮಾಡಿ ಅವನ ಕೈಗಿತ್ತೆ. ಯಾವ ತಂತಿಯನ್ನೂ ಒತ್ತದೆ ಮೀಟಿದರೂ ಜಿ ಮೇಜರ್ ಸ್ವರಮೇಳ ಹೊಮ್ಮಿದ್ದು ಅವನಿಗೆ ಬಲು ಮೆಚ್ಚಿಗೆಯಾಯಿತು. ಆದರೂ ನಾದ ಮಂಕಾಗಿತ್ತು, ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಹೊರಡಿಸಿದ ಸ್ವರವು ಅಲ್ಲೇ ಬೆರಳು ಸೋಕಿಸಿ ಹೊರಡಿಸಿದ ಸ್ವರಕ್ಕಿಂತ ತುಸು ಏರಿತ್ತು. ಮುಚ್ಚಿಗೆಯ ಮೇಲೆ ನಿಂತು ತಂತಿಗಳನ್ನು ಹೊರುವ ಕುದುರೆಯನ್ನು ಬ್ಯಾಂಜೋದಲ್ಲಿ ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ, ಬೇಕಾದರೆ ಸರಿಸಬಹುದು. ಹೀಗಾಗಿ ಇದು ವಾದ್ಯದ ದೋಷವಲ್ಲ, ಹೊಂದಿಸಿದರೆ ಸರಿಹೋಗುವ ಮಾತು. ಅಂಗಡಿಯವರು ಪ್ಲಾಸ್ಟಿಕ್ ಮುಚ್ಚಿಗೆಯ ಸುತ್ತಲಿನ ನಟ್ಟುಗಳನ್ನು ಒಂದೊಂದಾಗಿ, ಸ್ವಲ್ಪಸ್ವಲ್ಪವೇ ಬಿಗಿಗೊಳಿಸಿ, ಕುದುರೆಯನ್ನು ತಂತಿ ಕಟ್ಟಿದ ತುದಿಯತ್ತ ಕೊಂಚ ಸರಿಸಿ, ತಂತಿಗಳ ಎತ್ತರವನ್ನೂ ಎಳೆಯ ಬೆರಳುಗಳಿಗೆ ಹೊಂದುವಂತೆ ತಗ್ಗಿಸಿದರು. ಅದೇ ವಾದ್ಯ ಖಣಖಣನೆ ನುಡಿಯತೊಡಗಿತು. ಹುಡುಗ ಮತ್ತೆ ಹೊಳೆಯುವ ಬ್ಯಾಂಜೋ ಕಡೆ ತಿರುಗಿ ನೋಡಲಿಲ್ಲ. ಬೆಲೆಗೆ ಚೌಕಾಸಿ ಮಾಡುವ ಬದಲು ಹೀಗೆ ಕೂತು ಹೊಂದಿಸಿಕೊಡಿ ಎಂದು ಕೇಳುವುದೇ ಹೆಚ್ಚು ಲಾಭದ್ದು ಎಂಬುದು ನನ್ನ ಅಭಿಪ್ರಾಯ.

ಉಳಿದ ಹಣದಲ್ಲಿ ಶ್ರುತಿ ತೋರಿಸುವ ಕ್ಲಿಪ್ ಟ್ಯೂನರ್, ಹೆಗಲಪಟ್ಟಿ, ಇನ್ನೊಂದು ಜೊತೆ ತಂತಿ, ತಂತಿ ಮೀಟಲು ಬೆರಳಿಗೆ ತೊಡುವ, ಹೆಬ್ಬೆರಳಿಗೆ ಪ್ಲಾಸ್ಟಿಕ್ಕಿನದೂ ಉಳಿದೆರಡು ಬೆರಳಿಗೆ ಲೋಹದವೂ ಆದ ಪಿಕ್‌ಗಳು ಬಂದವು. ಲೋಹದ ಪಿಕ್‌ಗಳನ್ನು ಅವನು ಉಗುರಿನ ಕಡೆಗೆ ತೊಟ್ಟಿದ್ದ. ಅದರ ಅಲಗು ಬೆರಳಿನ ಒಳಭಾಗಕ್ಕೆ ಬರಬೇಕೆಂದು ತಿರುಗಿಸಿ ಕೊಟ್ಟೆ. ಗಟ್ಟಿ ಪೆಟ್ಟಿಗೆಗೆ ಹಣ ಸಾಲದೆ ಮೆತ್ತೆಯ ಚೀಲವನ್ನೇ ಕೊಂಡೆವು.