ಬುಧವಾರ ವಾಪಸ್ ಬಂದ ಪುಸ್ತಕ

ಬುಧವಾರ ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಆ ಹೆಂಗಸು ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಸೋಮವಾರ ವಾರದ ರಜೆ, ಮಂಗಳವಾರ ಸ್ವಾತಂತ್ರ್ಯ ದಿನ. ಇಲ್ಲದಿದ್ದರೆ ಇನ್ನೂ ಮುಂಚೆಯೇ ಬರುತ್ತಿದ್ದರೇನೋ. ಶನಿವಾರ ನಾನೇ ಆರಿಸಿ ಕೊಟ್ಟಿದ್ದ ಪುಸ್ತಕವನ್ನು ನನ್ನ ಕೈಗೇ ಇಟ್ಟರು. 'ಅಕ್ಕಾ, ಇದು ಬೇಡ. ನನ್ ಕೈಲಿ ಆಗಲ್ಲ' ಅಂದರು. ಅವರ ತಂಗಿಗೆ ಬಾಣಂತನದಲ್ಲಿ ಈ ಕಥೆಯಲ್ಲಿರುವ ಹಾಗೇ ಆಗಿತ್ತಂತೆ. ಅರ್ಧ ಓದುವಷ್ಟರಲ್ಲಿ ಎರಡು ರಾತ್ರಿ ನಿದ್ದೆ ಹೋಗಿತ್ತು.

ಪುಸ್ತಕ ತ್ರಿವೇಣಿಯವರ 'ಶರಪಂಜರ'. ಹೆರಿಗೆಯ ನಂತರ ಕಾವೇರಿಗೆ ಮನಸ್ಸಿನ ಕಾಯಿಲೆ ಬರುತ್ತದೆ. ಗುಣವಾಗಿ ಮನೆಗೆ ಬಂದರೂ ಸುತ್ತಲಿನವರು ಅವಳನ್ನು ಹುಚ್ಚಿ ಅಂತಲೇ ನೋಡುತ್ತಾರೆ. ತ್ರಿವೇಣಿ ನಮ್ಮ ಮಂಡ್ಯದಲ್ಲೇ 1928ರಲ್ಲಿ ಹುಟ್ಟಿದವರು, ಮನಃಶಾಸ್ತ್ರ ಓದಿದ್ದವರು. 1963ರಲ್ಲಿ, ಇನ್ನೂ 35 ತುಂಬುವ ಮೊದಲೇ ತೀರಿಕೊಂಡರು. ನನಗೆ ಅವರ ಮೇಲೆ ತುಂಬಾ ಅಭಿಮಾನ. ಅದಕ್ಕೇ ಆ ಪುಸ್ತಕದೊಳಗೆ ಇಟ್ಟ ಚೀಟಿಯಲ್ಲಿ 'ಎಲ್ಲ ಹೆಂಗಸರೂ ಓದಲೇಬೇಕು' ಅಂತ ಬರೆದಿದ್ದೆ.

ಚೀಟಿಯ ವಿಷಯ ಹೇಳಬೇಕು. 2023ರ ಆಗಸ್ಟ್ 12 ಶನಿವಾರ ಬಂದಿತ್ತು. ಅದು ಗ್ರಂಥಪಾಲಕರ ದಿನ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಜನ್ಮದಿನ ಅಂತ ಆಚರಿಸುವ ದಿನ. ನಮ್ಮ ಗ್ರಂಥಪಾಲಕರು ಬಾಗಿಲ ಪಕ್ಕ ಒಂದು ಮೇಜು ಹಾಕಿ, 'ನಿಮಗೆ ಹಿಡಿಸಿದ ಪುಸ್ತಕ ಇಲ್ಲಿಡಿ, ಯಾಕೆ ಹಿಡಿಸಿತು ಅಂತ ಎರಡು ಸಾಲು ಬರೆದಿಡಿ. ಬೇಕಾದವರು ತಗೊಂಡು ಹೋಗ್ಲಿ' ಅಂದರು. ಮೇಜಿನ ಹಿಂದಿನ ಗೋಡೆಯಲ್ಲಿ ರಂಗನಾಥನ್ 1931ರಲ್ಲಿ ಪ್ರಕಟಿಸಿದ, ಗ್ರಂಥಾಲಯ ಹೇಗಿರಬೇಕು ಅನ್ನುವ ಐದು ಸೂತ್ರಗಳ ಹಾಳೆ ಇದೆ. ಎರಡನೆಯದು, ಪ್ರತಿ ಓದುಗರಿಗೂ ಅವರ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗರು. ವರ್ಷಗಟ್ಟಲೆ ಆ ಹಾಳೆಯ ಕೆಳಗೇ ಕೂತು ಓದಿದ್ದೇನೆ. ಆ ಬುಧವಾರ ಅದನ್ನು ಮತ್ತೆ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಹೆಂಗಸನ್ನು ನಾನು ಒಂದು ಮಾತೂ ಕೇಳಿರಲಿಲ್ಲ. ನನಗೆ ಇಷ್ಟವಾದದ್ದನ್ನು ಅವರ ಕೈಗೆ ತುರುಕಿದ್ದೆ, ಅಷ್ಟೇ.

ಅವತ್ತು ಕೇಳಿದೆ. 'ಯಾವಾಗ ಓದ್ತೀರಿ? ಎಂಥದ್ದು ಬೇಕು?' ಅವರು, 'ಮಲಗೋ ಮುಂಚೆ ಅರ್ಧ ಗಂಟೆ ಸಿಗುತ್ತೆ ಅಕ್ಕಾ. ಮನಸ್ಸು ಹಗುರ ಆಗ್ಬೇಕು' ಅಂದರು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ತೆಗೆದುಕೊಟ್ಟೆ. ಸಸ್ಯಶಾಸ್ತ್ರದ ಪುಸ್ತಕ ಅಂದ ತಕ್ಷಣ ಮುಖ ಸಣ್ಣ ಮಾಡಿದರು. ಒಂದು ಪುಟ ಓದಿ ಹೇಳಿದೆ. ಮೇಷ್ಟ್ರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಕಥೆ ಅದು. ದಾರಿಯುದ್ದಕ್ಕೂ ನಗು, ನಡುನಡುವೆ ಗಿಡಮರಗಳ ಪರಿಚಯ, ಜೊತೆಗೆ ಅವರೇ ಬರೆದ ಚಿತ್ರಗಳು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನ ಅಂದರೆ ಒಣಗಿದ್ದು ಅನ್ನುವವರಿಗೆಲ್ಲ ನಾನು ಈ ಪುಸ್ತಕವನ್ನೇ ಹೇಳುವುದು. ಮುಂದಿನ ವಾರ ಅವರು ಬಂದಾಗ ಮನೆ ಹಿತ್ತಲಿನ ಒಂದು ಗಿಡದ ರೆಂಬೆ ಕಿತ್ತು ತಂದಿದ್ದರು, ಇದರ ಹೆಸರೇನು ಅಂತ.

ಮೇಜಿನ ಹತ್ತಿರ ದಿನಾ ಸುಳಿದಾಡುವ ಇನ್ನೊಬ್ಬಳು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದ ಹುಡುಗಿ. 'ಮೇಡಂ, ಸಿಲಬಸ್ ಬಿಟ್ಟು ಬೇರೆ ಓದೋಕೆ ಟೈಮೇ ಇಲ್ಲ' ಅನ್ನುತ್ತಿದ್ದಳು. ಅವಳಿಗೆ ಎರಡನೇ ಮಹಾಯುದ್ಧ ಅಂದರೆ 1939, 1945 ಅನ್ನುವ ಎರಡು ಇಸವಿ. ನೇಮಿಚಂದ್ರರ 'ಯಾದ್ ವಶೇಮ್' ಕೊಟ್ಟೆ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬರುವ ಯಹೂದಿ ಹುಡುಗಿಯ ಕಾದಂಬರಿ. ವಾಪಸ್ ಕೊಡುವಾಗ ಅವಳು ಜಾಸ್ತಿ ಏನೂ ಹೇಳಲಿಲ್ಲ. 'ಇಂಥದ್ದು ಇನ್ನೊಂದು ಇದ್ಯಾ?' ಅಂದಳು. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರು ಕೇರಿ' ಕೊಟ್ಟೆ. ಅದು ಇಂಥದ್ದಲ್ಲ, ಬೇರೆಯೇ. ಆದರೆ ಅವಳಿಗೆ ಈಗ ಅದು ಬೇಕು ಅನ್ನಿಸಿತು.

ಇನ್ನು ಗ್ರಂಥಾಲಯಕ್ಕೆ ಪೇಪರ್ ಓದಲು ಬರುವ ಒಬ್ಬ ಯಜಮಾನರು. ಊರಿನಿಂದ ಬಸ್ಸಲ್ಲಿ ಬರುವ ಕಬ್ಬು ಬೆಳೆಗಾರರು. ಪೇಪರ್ ತೆಗೆದರೆ ಮೊದಲು ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ನೀರಿನ ಮಟ್ಟ ನೋಡುತ್ತಾರೆ, ಕಟ್ಟೆ ತುಂಬುವ 124.80 ಅಡಿಗೆ ಇನ್ನೂ ಎಷ್ಟು ಬೇಕು ಅಂತ. ಆ ವರ್ಷ ಮಳೆ ಕೈಕೊಟ್ಟಿತ್ತು, ಕಟ್ಟೆ ತುಂಬಲೇ ಇಲ್ಲ. ಅವರು ಪೇಪರ್ ಮಡಚಿಟ್ಟು ಸುಮ್ಮನೆ ಕೂತಿರುತ್ತಿದ್ದರು. ಪುಸ್ತಕ ತಗೊಳ್ಳಿ ಅಂದರೆ, 'ಕಣ್ಣು ಸರಿಯಾಗಿ ಕಾಣಕಿಲ್ಲ ಕಣವ್ವ. ದಪ್ಪಕ್ಷರ ಬುಟ್ರೆ ಬ್ಯಾರೆ ಓದಕಾಗಕಿಲ್ಲ' ಅಂದರು.

ಆ ಮೇಜಿನ ಮೇಲೆ ಯಾರೂ ಮುಟ್ಟದೆ ಉಳಿದಿದ್ದ ಪುಸ್ತಕ ದೇವನೂರ ಮಹಾದೇವರ 'ಕುಸುಮಬಾಲೆ'. ತುಂಬಾ ಸಣ್ಣ ಪುಸ್ತಕ. ಎಲ್ಲರೂ ಎರಡು ಪುಟ ತಿರುವಿ, ಭಾಷೆ ಕಷ್ಟ ಅಂತ ಇಟ್ಟುಬಿಡುತ್ತಿದ್ದರು. ನಂಜನಗೂಡು ಸೀಮೆಯ ಮಾತು ಅದು. ಕಣ್ಣಲ್ಲಿ ಓದಿದರೆ ತಡೆಯುತ್ತದೆ, ಬಾಯಲ್ಲಿ ಓದಿದರೆ ಹರಿಯುತ್ತದೆ. ಪರೀಕ್ಷೆಯ ಹುಡುಗಿಯನ್ನು ಕೇಳಿಕೊಂಡೆ, ಊಟದ ಹೊತ್ತಿನಲ್ಲಿ ಹೊರಗೆ ಹೊಂಗೆ ಮರದಡಿ ಇವರಿಗೆ ಅರ್ಧ ಗಂಟೆ ಓದಿ ಹೇಳ್ತೀಯಾ ಅಂತ.

ಮೊದಲ ದಿನ ಅವಳು ತಡವರಿಸಿದಳು. ಯಜಮಾನರು ಒಂದೊಂದು ಮಾತನ್ನೂ ಬಿಡಿಸಿ ಹೇಳಿದರು. ರಾತ್ರಿ ದೀಪಗಳೆಲ್ಲ ಜೋತಮ್ಮಗಳಾಗಿ ಒಂದು ಕಡೆ ಸೇರಿ ಮಾತಾಡುವ ಜಾಗ ಬಂತು. ಯಜಮಾನರು ಅವಳ ಕೈ ಹಿಡಿದು ನಿಲ್ಲಿಸಿದರು. 'ಇದ ನಮ್ಮವ್ವ ಹೇಳೋಳು ಕಣವ್ವ. ದೀಪ ಆರಿಸಿದ್ಮೇಲೆ ಅವೆಲ್ಲ ಗುಡಿ ತಾವ ಸೇರ್ಕತವೆ ಅಂತ. ಇದು ಪುಸ್ತಕದಲ್ಲಿ ಹೆಂಗೆ ಬಂತು?' ಅವರ ಕಣ್ಣು ತುಂಬಿತ್ತು. ಅವತ್ತು ಅವರು ಹೇಳಿದ ಅವ್ವನ ಕಥೆ ಕೇಳುತ್ತಾ ನಾವಿಬ್ಬರೂ ಊಟವನ್ನೇ ಮರೆತೆವು.

'ಶರಪಂಜರ' ಕಪಾಟಿನಲ್ಲೇ ಇತ್ತು. ಸುಮಾರು ಆರು ತಿಂಗಳ ಮೇಲೆ ಆ ಹೆಂಗಸು ತಾವಾಗಿಯೇ ಅದನ್ನು ಕೇಳಿದರು. ನಾನು ಹಿಂಜರಿದೆ. 'ನನಗಲ್ಲ ಅಕ್ಕಾ, ನನ್ ತಂಗಿ ಗಂಡನಿಗೆ. ಅವನು ಓದಬೇಕು' ಅಂದರು. ಈ ಸಲ ಪುಸ್ತಕ ವಾಪಸ್ ಬರಲು ಒಂದು ತಿಂಗಳಾಯಿತು. ನಾನು ಏನೂ ಕೇಳಲಿಲ್ಲ. ಅದರೊಳಗಿನ ಹಳೆಯ ಚೀಟಿ ತೆಗೆದು, ಕಥೆಯಲ್ಲಿ ಏನಿದೆ ಅಂತ ಮಾತ್ರ ಬರೆದ ಬೇರೆ ಚೀಟಿ ಇಟ್ಟೆ.

'ಕುಸುಮಬಾಲೆ'ಗೂ ಹೊಸ ಚೀಟಿ ಬಂದಿದೆ. ಯಜಮಾನರು ಹೇಳಿದರು, ಹುಡುಗಿ ಹಾಗೇ ಬರೆದಳು: 'ಜೋರಾಗಿ ಓದ್ಕಳಿ. ತಿಳೀನಿಲ್ಲ ಅಂದ್ರೆ ನಾನು ಪೇಪರ್ ತಾವ ಕುಂತಿರ್ತೀನಿ, ಬಂದು ಕೇಳಿ.'