ಬೀಳದ ಹೂವು

ಮಿರ್ಚಿ-ಮಂಡಕ್ಕಿ ಗಾಡಿಗೆ ಐದು ಸಾವಿರ ಅಡ್ವಾನ್ಸ್ ಕೊಟ್ಟಾದ ಮೇಲೆ ಅವ್ವ ದೇವರನ್ನು ಕೇಳಿದಳು. ಮೊದಲೇ ಕೇಳಬೇಕಿತ್ತು ಅಂತ ಈಗಲೂ ಅವಳ ತಕರಾರು.

ನಮ್ಮ ಮನೆಯಲ್ಲಿ ಕೇಳೋದು ಹೀಗೆ. ದುಗ್ಗಮ್ಮನ ಫೋಟೊ ಗಾಜಿಗೆ ಎಡಕ್ಕೊಂದು, ಬಲಕ್ಕೊಂದು ಕಣಗಿಲೆ ಎಸಳನ್ನು ನೀರು ಹಚ್ಚಿ ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಅಂಗಡಿ ಶುರುವಿನ ಹಿಂದಿನ ಸಂಜೆ ಅವ್ವ ಒಂದು ಗಂಟೆ ಕೂತಳು. ಎರಡೂ ಅಲ್ಲಾಡಲಿಲ್ಲ. ಹೊರಗೆ ಆಷಾಢದ ಜಿಟಿಜಿಟಿ ಮಳೆ, ಗೋಡೆಯೇ ಬೆವರುತ್ತಿತ್ತು. ಎಸಳು ಒಣಗಿದರೆ ತಾನೆ ಬೀಳೋದು!

"ತಾಯಿ ಯೋಚನೆ ಮಾಡ್ತಿದಾಳಪ್ಪಾ" ಅಂದಳು ಅವ್ವ. ಎಸಳು ತೆಗೆಯೋಕೆ ಬಿಡಲಿಲ್ಲ.

ಆಷಾಢದಲ್ಲಿ ಯಾರಾದರೂ ಹೊಸದು ಶುರು ಮಾಡ್ತಾರಾ ಅಂತ ನೆಂಟರೆಲ್ಲ ಕೇಳಿದ್ದರು. ಏನು ಮಾಡೋದು, ಗಾಡಿ ಮಾರುವವನು ಊರಿಗೆ ಹೊರಟು ನಿಂತಿದ್ದ. ಶ್ರಾವಣದ ತನಕ ಅವನು ಕಾಯಬೇಕಲ್ಲ. 16 ವರ್ಷ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿ ಇಟ್ಟವನು ನಾನು. ಇನ್ನೊಂದು ವರ್ಷ ಮಡಚಿದ್ದರೆ ಈ ಜನ್ಮದಲ್ಲಿ ಬಿಡುತ್ತಿರಲಿಲ್ಲ. ಖಾಯಂ ಕೆಲಸ ಅನ್ನೋ ಮಾತಿನ ಮೇಲೆ ನನಗೆ ಅಂಥ ಭಕ್ತಿಯೂ ಇಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅಪ್ಪ ಹತ್ತಿ ಮಿಲ್ಲಿನಲ್ಲಿದ್ದ. ಒಂದು ಬೆಳಿಗ್ಗೆ ಗೇಟಿನ ತನಕ ಹೋಗಿ ಬುತ್ತಿ ಸಮೇತ ವಾಪಸ್ ಬಂದ. ಆ ಬುತ್ತಿಯನ್ನು ಮನೆ ಕಟ್ಟೆ ಮೇಲೆ ಕೂತೇ ಉಂಡ. ಯಾರೂ ಮಾತಾಡಲಿಲ್ಲ.

ಬೆಳಿಗ್ಗೆ ದುಗ್ಗಮ್ಮನ ಗುಡಿಗೆ ಹೋದೆ. ಎಣ್ಣೆಯಿಂದ ಮಿರ್ಚಿ ಎತ್ತುವ ಹೊಸ ಜಾಲರಿಯನ್ನು ಪೂಜಾರಿ ಕೈಗೆ ಕೊಟ್ಟೆ, ತಾಯಿ ಮುಂದೆ ಇಟ್ಟು ಕುಂಕುಮ ಹಚ್ಚಿ ಕೊಟ್ಟರು. ಬೇಡಿಕೊಳ್ಳೋಣ ಅಂದರೆ ಬಾಯಿ ಕಟ್ಟಿತು. ವ್ಯಾಪಾರ ಜಾಸ್ತಿ ಆಗಲಿ ಅನ್ನೋಕೆ ನಾಚಿಕೆ. ಇನ್ನೂ ಒಂದು ಮಿರ್ಚಿ ಕರಿದು ಮಾರಿದವನಲ್ಲ. "ನಾನಂತೂ ಹೊರಟೆ, ಬೆನ್ನಿಗೆ ಬಾರವ್ವಾ" ಅಂದೆ. ಅಷ್ಟೇ.

ಸಂಜೆ ನಾಲ್ಕಕ್ಕೆ ವಿದ್ಯಾನಗರದಲ್ಲಿ ಗಾಡಿ ನಿಲ್ಲಿಸಿದೆವು. ಐದಕ್ಕೆ ಮಳೆ ಜೋರಾಯಿತು. ಭಟ್ಟಿಯಿಂದ ತಂದ ಮಂಡಕ್ಕಿ ಚೀಲಕ್ಕೆ ಪ್ಲಾಸ್ಟಿಕ್ ಹೊದಿಸಿದ್ದೆ, ಬಾಯಿ ಕಟ್ಟೋದು ಮರೆತಿದ್ದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಸವರಿ, ಕಾದ ಮರಳಲ್ಲಿ ಹುರಿದು ಯಾರೋ ಅಷ್ಟು ಕಷ್ಟಪಟ್ಟು ಗರಿಗರಿ ಮಾಡಿದ್ದನ್ನು ನಾನು ಅರ್ಧ ಗಂಟೆಯಲ್ಲಿ ಮೆತ್ತಗೆ ಮಾಡಿಬಿಟ್ಟೆ.

ಅವ್ವ ಹೇಳದೆ ಕೇಳದೆ ಆಟೊ ಹತ್ತಿ ಬಂದಿದ್ದಳು. ಒಲೆಗೆ ಇರಚಲು ಹೊಡೆಯದ ಹಾಗೆ ಕೊಡೆ ಹಿಡಿದು ನಿಂತಳು. ನನಗೆ ಹಿಡಿಯಲಿಲ್ಲ, ಒಲೆಗೆ.

ಬೋಣಿ ಮಾಡಿದ್ದು ಅದೇ ಆಟೊದವನು. ಒಂದು ಮಿರ್ಚಿ ಕಚ್ಚಿ, ಪೇಪರಿಗೆ ಹಿಂಡಿ ತೋರಿಸಿದ. ಪೇಪರ್ ಆಚೆ ಬದಿ ಕಾಣುವಷ್ಟು ಎಣ್ಣೆ.

"ಅಣ್ಣಾ, ಎಣ್ಣೆ ಕುಡಿದೈತೆ. ಸೋಡಾ ಜಾಸ್ತಿ ಹಾಕೀರಿ. ಹಿಟ್ಟೂ ನೀರಾಗೈತೆ."

ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಅವನೆದುರೇ ಇನ್ನಷ್ಟು ಕಡ್ಲೆಹಿಟ್ಟು ಹಾಕಿ, ಓಂಕಾಳು ತಿಕ್ಕಿ ಹಾಕಿ, ಗಟ್ಟಿಯಾಗಿ ಕಲಸಿದೆ. ಎರಡನೇ ಸಲದ್ದು ಉಬ್ಬಿ ಕೆಂಪಗೆ ಬಂತು. ಅವನು ಮತ್ತೊಂದು ಪ್ಲೇಟ್ ತಗೊಂಡ. ಏನೂ ಹೇಳಲಿಲ್ಲ. ಮಳೆಗೆ ನಿಂತ ಕಾಲೇಜು ಹುಡುಗರು ಮಂಡಕ್ಕಿ ಬೇಡ, ಬಿಸಿ ಮಿರ್ಚಿ ಕೊಡಿ ಅಂದರು.

ರಾತ್ರಿ ಎಣಿಸಿದರೆ 640 ರೂಪಾಯಿ. ಹಾಕಿದ್ದು ಸಾವಿರದ ಮೇಲೆ.

ಮನೆಗೆ ಬಂದು ಲೈಟ್ ಹಾಕಿದೆ. ಫೋಟೊ ಗಾಜು ಖಾಲಿ. ಎರಡೂ ಎಸಳು ಕೆಳಗೆ ಬಿದ್ದಿದ್ದವು, ಪಕ್ಕಪಕ್ಕದಲ್ಲೇ. ಯಾವುದು ಮೊದಲು ಬಿತ್ತೋ ನೋಡೋಕೆ ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವ ಒಂದು ಗಳಿಗೆ ಅವನ್ನೇ ನೋಡಿದಳು. ಆಮೇಲೆ ಎತ್ತಿ ಕಣ್ಣಿಗೊತ್ತಿಕೊಂಡು, ಎರಡನ್ನೂ ಸೇರಿಸಿ ತಲೆಗೆ ಸಿಕ್ಕಿಸಿಕೊಂಡಳು.

"ಬೆಳ್ಳುಳ್ಳಿ ತಗೊಂಡು ಬಾ, ನಾಳೆಗೆ ಸುಲಿಯೋಣ" ಅಂದಳು.