ಯುದ್ಧಕ್ಕೆ ಹೋಗದ ಕವಚ

ನಮ್ಮ ಮಾವ ಭದ್ರಾವತಿ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಲಂಡನ್ನಿಗೆ ಬಂದಾಗಿನಿಂದ ಅವರಿಗೆ ಯಾವುದೂ ಹಿಡಿಸಿರಲಿಲ್ಲ. ವ್ಯಾಲೆಸ್ ಕಲೆಕ್ಷನ್ ಅನ್ನೋ ಮ್ಯೂಸಿಯಂಗೆ ಟಿಕೆಟ್ ಇಲ್ಲ ಅಂದಿದ್ದಕ್ಕೆ ಈ ಶನಿವಾರ ಹೊರಟರು. ಅಲ್ಲಿ ಪರ್ಷಿಯಾದ, ಅಂದರೆ ಇರಾನಿನ, ಕವಚದ ಮುಂದೆ ನಿಂತವರು ಅಲ್ಲಾಡಲೇ ಇಲ್ಲ.

ಜೊತೆಗೆ ನನ್ನ ಗಂಡನ ಗೆಳೆಯ ಇದ್ದ. ಹಳೇ ಆಯುಧಗಳ ಬಗ್ಗೆ ಓದಿಕೊಂಡವನು, ಅದನ್ನು ಮರೆಯಲು ಯಾರಿಗೂ ಬಿಡದವನು. "ಅಂಕಲ್, ಈ ಥರದ್ದು ಜಾಸ್ತಿ 19ನೇ ಶತಮಾನದಲ್ಲಿ ಇರಾನ್ ಆಳ್ತಿದ್ದ ಕಾಜಾರ್ ದೊರೆಗಳ ಕಾಲದ ಶೋಪೀಸ್. ಯುದ್ಧಕ್ಕಲ್ಲ" ಅಂದ.

"ಯುದ್ಧಕ್ಕಲ್ಲ ಅಂದ್ರೆ ಇಷ್ಟು ಕಣ್ಣು ಯಾಕೆ ಸವೆಸಿದ್ರು?" ಮಾವ ಕೇಳಿದರು.

ಅವನು ನಕ್ಕ. ಆ ನಗು ನನಗೆ ಇನ್ನೂ ಕಿರಿಕಿರಿ ಮಾಡ್ತಿದೆ.

ಅವನು ಹೇಳಿದ್ದು ಸುಳ್ಳಲ್ಲ. 19ನೇ ಶತಮಾನದ ಹೊತ್ತಿಗೆ ಯುದ್ಧ ಅಂದ್ರೆ ಬಂದೂಕು, ಫಿರಂಗಿ. ಆದರೂ ಇರಾನಿನಲ್ಲಿ ಶಿರಸ್ತ್ರಾಣ, ಗುರಾಣಿ, ತೋಳಿನ ಕವಚ ಸೆಟ್ಟಾಗಿ ತಯಾರಾಗುತ್ತಲೇ ಇದ್ದವು. ತಗಡು ತೆಳು. ಎಷ್ಟೋ ಸೆಟ್ಟುಗಳಲ್ಲಿ ಕುತ್ತಿಗೆ ಮೇಲೆ ಇಳಿಬೀಳುವ ಪುಟ್ಟ ಲೋಹದ ಬಳೆಗಳ ಜಾಲಕ್ಕೆ ರಿವೆಟ್ಟೇ ಇಲ್ಲ, ಬಳೆಯ ತುದಿಗೆ ತುದಿ ಕೂಡಿಸಿದ್ದಾರೆ ಅಷ್ಟೇ. ದರ್ಬಾರಿಗೆ, ಮೆರವಣಿಗೆಗೆ, ಮೊಹರಂ ದಿನಗಳಲ್ಲಿ ಕರ್ಬಲಾದ ದುರಂತ ಆಡಿ ತೋರಿಸುವ ತಾಜಿಯೆ ನಾಟಕಕ್ಕೆ, ಕೊನೆಗೆ ಯುರೋಪಿನ ಗಿರಾಕಿಗಳಿಗೆ.

ಆದರೆ ಕವಚದ ಮೇಲಿನ ಚಿನ್ನದ ಕೆಲಸ? ಉಕ್ಕಿನ ಮೇಲೆ ಅಡ್ಡಡ್ಡ ಉದ್ದುದ್ದ ಸಣ್ಣ ಗೆರೆ ಗೀರಬೇಕು. ಕೂದಲೆಳೆಯಂಥ ಚಿನ್ನದ ತಂತಿಯನ್ನು ಅದರ ಮೇಲೆ ಬಳ್ಳಿಯ ಹಾಗೆ ಬಗ್ಗಿಸುತ್ತ ತಟ್ಟಬೇಕು. ಗೀರಿದ ತರಿಯೇ ಅದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ನುಣುಪು ಕಲ್ಲಿನಿಂದ ಉಜ್ಜಬೇಕು. ಅಂಚಿನಲ್ಲೊಂದು ಕಡೆ ಚಿನ್ನ ಉದುರಿತ್ತು. ಮಾವ ಕನ್ನಡಕ ಎತ್ತಿ, ಗಾಜಿಗೆ ಮೂಗು ತಾಗಿಸಿ, "ನೋಡಮ್ಮ, ಗೆರೆ ಕಾಣ್ತಿದೆ" ಅಂದರು. ಇದನ್ನು ಯಾವ ಬೋರ್ಡೂ ಹೇಳಿರಲಿಲ್ಲ.

ಪರ್ಷಿಯಾದ ಹೆಸರಾಂತ ಕತ್ತಿಗಳಿಗೆ ದಕ್ಷಿಣ ಭಾರತದ ಉಕ್ಕಿನ ಗಟ್ಟಿಗಳು ಹೋಗುತ್ತಿದ್ದವು, ಗೋಲ್ಕೊಂಡದ ಸೀಮೆಗೆ ಪರ್ಷಿಯಾದ ವ್ಯಾಪಾರಿಗಳು ಬಂದು ಕೊಳ್ಳುತ್ತಿದ್ದರು ಅಂತ ಹೇಳಿದೆ. ಮಾವ ಹೆಮ್ಮೆ ಪಡ್ತಾರೆ ಅಂದುಕೊಂಡರೆ, "ರೇಟ್ ಎಷ್ಟು ಕೊಡ್ತಿದ್ರಂತೆ?" ಅಂದರು.

ಯುದ್ಧದ ಕವಚಕ್ಕೆ ಗಟ್ಟಿಯಾಗಿದ್ದರೆ ಸಾಕು, ಚೆಂದ ಇಲ್ಲದಿದ್ದರೂ ನಡೆಯುತ್ತೆ. ಮೆರವಣಿಗೆಯದ್ದಕ್ಕೆ ಆ ನೆಪ ಇಲ್ಲ. ನೋಡುವವರ ಕಣ್ಣೇ ಅದಕ್ಕೆ ಪರೀಕ್ಷೆ. ಯಕ್ಷಗಾನದ ಕಿರೀಟ ಮರದ್ದು ಅಂತ ಯಾರಾದರೂ ಅದನ್ನು ಹಗುರವಾಗಿ ಕಾಣ್ತಾರಾ? ತಾಜಿಯೆಯಲ್ಲಿ ಇಂಥದ್ದನ್ನು ತೊಟ್ಟು ನಿಂತವನನ್ನು ನೋಡಿ ಜನ ನಿಜವಾಗಿಯೇ ಅಳುತ್ತಾರೆ, ಅಲ್ವಾ? ಓದಿಕೊಂಡವರಿಗೆ ಇಂಥದ್ದನ್ನು ತಳ್ಳಿಹಾಕೋದು ಬಲು ಸುಲಭ. 'ಶೋಪೀಸ್' ಅಂದರೆ ಮುಗೀತು, ಮತ್ತೆ ನೋಡಬೇಕಾಗಿಲ್ಲ.

ಮುಂದಿನ ಶನಿವಾರ ಮಾವನಿಗೆ ಮತ್ತೆ ಹೋಗಬೇಕಂತೆ, ಭೂತಗನ್ನಡಿ ಇಟ್ಟುಕೊಂಡು. ಆ ಗೆಳೆಯನನ್ನು ಮಾತ್ರ ಕರೀಬೇಡ ಅಂದಿದ್ದಾರೆ.